ಬೆವರೋ ನೀರೋ

ನಮ್ಮತ್ತೆ ಯಾರನ್ನೇ ಕಂಡರೂ ಮೊದಲು ಕಾಲು ನೋಡುತ್ತಿದ್ದರು, ಆಮೇಲೆ ಮುಖ. ನಾನು ಆ ಮನೆಗೆ ಸೊಸೆಯಾಗಿ ಬಂದ ದಿನ, ಬಾಗಿಲಲ್ಲಿ ನಿಂತವಳನ್ನು ಪಾದದಿಂದ ಶುರು ಮಾಡಿ ನೆತ್ತಿಯವರೆಗೆ ನೋಡಿ, ಮತ್ತೆ ಪಾದಕ್ಕೇ ಇಳಿದು, "ಇದೇನು ಕಾಲಾ, ಬೆಣ್ಣೆ ಮುದ್ದೆನಾ? ನೆಲದ ಮೇಲೆ ಊರಿದ್ದೇ ಇಲ್ವಾ ಇದನ್ನ?" ಎಂದರು. ನನಗೆ ಮೈಯೆಲ್ಲ ಉರಿಯಿತು. ಹೊಲಿಗೆ ಯಂತ್ರ ತುಳಿದೇ ಹೊಟ್ಟೆ ಹೊರೆದುಕೊಂಡವಳು ನಾನು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಹನ್ನೊಂದು ವರ್ಷ ನುಂಗುತ್ತಲೇ ಬಂದೆ.

ನಮ್ಮೂರಿಗೆ ಕುಡಿಯುವ ನೀರು ಬರುವುದು ಬೆಟ್ಟದೊಳಗೆ ಕೊರೆದ ಸುರಂಗದಿಂದ. ಅದರ ಗೋಡೆ ಬಿರುಕು ಬಿಡದಂತೆ, ಹೂಳು ಕಟ್ಟದಂತೆ ನೋಡಿಕೊಳ್ಳಲು ಹದಿನಾಲ್ಕು ಜನರ ತಂಡವಿತ್ತು. ನನ್ನ ಗಂಡ ಅವರಲ್ಲೊಬ್ಬರು. ಪಾದ ಮುಳುಗುವಷ್ಟು ಕೊರೆಯುವ ನೀರಿನಲ್ಲಿ ದಿನಕ್ಕೆ ಎಂಟು ಗಂಟೆ ನಡೆಯಬೇಕು. ರಬ್ಬರ್ ಬೂಟು ಯಾಕಾಗಬಾರದು ಎಂದು ಒಮ್ಮೆ ಕೇಳಿದ್ದೆ. "ರಬ್ಬರಲ್ಲಿ ಕಾಲು ಈಜುತ್ತೆ, ನಡೆಯಲ್ಲ" ಎಂದಿದ್ದರು ಅತ್ತೆ. ಉರುಟು ಕಲ್ಲಿನ ಮೇಲೆ ಕಾಲು ಉಳುಕದಂತೆ ಹಿಡಿಯುವುದು ಚರ್ಮದ ಬೂಟೇ. ಆದರೆ ಚರ್ಮ ನೀರು ಕುಡಿಯುತ್ತದೆ. ಅದು ಕುಡಿಯದಂತೆ ಮಾಡುವುದು ಅತ್ತೆಯ ಕೆಲಸ. ಮಾವ ತೀರಿಕೊಂಡ ಮೇಲೆ ಸುರಂಗದ ಬಾಯಲ್ಲಿದ್ದ ಬೂಟುಕೋಣೆಗೆ ಸೇರಿದವರು ಇಪ್ಪತ್ತಾರು ವರ್ಷ ಅಲ್ಲೇ ಇದ್ದರು. ಕೆಲಸಗಾರರೆಲ್ಲ ಅವರನ್ನು ಮೇಣದಮ್ಮ ಎನ್ನುತ್ತಿದ್ದರು.

ಬುತ್ತಿ ಕೊಡಲು ಹೋದಾಗಲೆಲ್ಲ ನಾನು ಆ ಕೋಣೆಯ ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಒಬ್ಬೊಬ್ಬರಿಗೆ ಎರಡು ಜೊತೆ ಬೂಟು. ಒಂದು ಕಾಲಲ್ಲಿದ್ದರೆ ಇನ್ನೊಂದು ಅತ್ತೆಯ ಕೈಯಲ್ಲಿ. ಲೇಸು ಬಿಚ್ಚಿ, ನಾಲಿಗೆಯನ್ನು ಹೊರಗೆಳೆದು, ಕೆಸರು ಉಜ್ಜಿ, ಒಳಗೆ ಹಳೆಯ ಪೇಪರು ತುರುಕಿ ನೆರಳಲ್ಲಿ ಒಣಗಿಸುತ್ತಿದ್ದರು. ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತಲ್ಲ ಎಂದದ್ದಕ್ಕೆ, "ನಿನ್ನನ್ನೂ ಒಲೆ ಮೇಲೆ ಒಣಗಿಸ್ಲಾ? ಸುಕ್ಕು ಬಿದ್ದು ಸೀಳುತ್ತೆ" ಎಂದಿದ್ದರು. ಒಣಗಿದ ಮೇಲೆ ಎಣ್ಣೆ, ಅದೂ ಬೆರಳ ತುದಿಯಲ್ಲಿ ಎಷ್ಟು ಬೇಕೋ ಅಷ್ಟೇ. ಜಾಸ್ತಿಯಾದರೆ ಚರ್ಮ ಮೆತ್ತಗಾಗಿ ಕಾಲನ್ನು ಹಿಡಿಯುವುದಿಲ್ಲ. "ಮಕ್ಕಳಿಗೆ ತುಪ್ಪ ತಿನ್ನಿಸ್ದಂಗೆ ತಿನ್ನಿಸ್ಬಾರ್ದು" ಎನ್ನುವರು. ಕೊನೆಗೆ ಜೇನುಮೇಣ, ಕೊಬ್ಬು ಕರಗಿಸಿ, ಬಿಸಿ ಇದ್ದಾಗಲೇ ಹೆಬ್ಬೆರಳಿನಿಂದ ಹೊಲಿಗೆ ಹೊಲಿಗೆಗೂ ತಿಕ್ಕುವುದು. ತಳದ ಅಟ್ಟೆಯು ಮೇಲಿನ ಚರ್ಮಕ್ಕೆ ಸೇರುವ ಕಡೆ ಮೂರು ಸಲ. ಅವರ ಹೆಬ್ಬೆರಳ ಗೆರೆಗಳು ಅಳಿಸಿಹೋಗಿದ್ದವು.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದಿತ್ತು. ಕಲಿಯಲಾಗದ್ದು ಪರೀಕ್ಷೆ. ಕೋಣೆಯ ಮೂಲೆಯಲ್ಲಿ ಒಂದು ಸಿಮೆಂಟಿನ ತೊಟ್ಟಿ, ಅದರ ತುಂಬ ಸುರಂಗದ ನೀರು. ಮೇಣ ಹಚ್ಚಿದ ಬೂಟಿನೊಳಗೆ ಅತ್ತೆ ಬರಿಗಾಲು ತೂರಿಸಿ, ಸಡಿಲಿದ್ದ ಕಡೆ ಬಟ್ಟೆ ತುರುಕಿ, ಲೇಸು ಬಿಗಿದು, ತೊಟ್ಟಿಯಲ್ಲಿ ಕಾಲು ಗಂಟೆ ಒಂದೊಂದೇ ಕಾಲ ಮೇಲೆ ಭಾರ ಬಿಟ್ಟು ನಿಲ್ಲುತ್ತಿದ್ದರು. ಮೈಭಾರ ಬಿದ್ದಾಗ ತಾನೇ ಹೊಲಿಗೆ ಬಾಯಿ ಬಿಡುವುದು! ಒಳಗೆ ಪೇಪರಿಟ್ಟು ನೋಡಿದರೆ ಸಾಲದೇ ಎಂದು ಮೇಸ್ತ್ರಿ ಒಮ್ಮೆ ಕೇಳಿದ್ದನಂತೆ. "ಪೇಪರಿಗೆ ಬೆವರೂ ಒಂದೇ, ನೀರೂ ಒಂದೇ. ಕಾಲಿಗೆ ಹಂಗಲ್ಲ. ಬೆವರು ಬೆಚ್ಚಗಿರುತ್ತೆ, ನೀರು ತಣ್ಣಗೆ ಕಚ್ಚುತ್ತೆ" ಎಂದು ಅವನ ಬಾಯಿ ಮುಚ್ಚಿಸಿದ್ದರು. ಪಾಸಾದ ಬೂಟಿನ ಅಟ್ಟೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಆ ಗೆರೆ ಕಾಣದಿದ್ದರೆ ಯಾರೂ ಬೂಟಿಗೆ ಕಾಲು ಹಾಕುತ್ತಿರಲಿಲ್ಲ. ಈ ಒಂದು ವಿಷಯಕ್ಕೆ ನನಗೂ ಅವರ ಮೇಲೆ ಗೌರವವಿತ್ತು. ಅವರಿಗೆ ಹೇಳಿರಲಿಲ್ಲ, ಅಷ್ಟೆ.

ಅತ್ತೆಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ನಮ್ಮೆದುರು ಸಪ್ಪೆ ಟೀ ಕುಡಿದು ಮುಖ ಕಿವುಚುವರು. ಬೂಟುಕೋಣೆಯ ಟೀಗೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರೆಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಕದ್ದು ತಿನ್ನುವುದರಲ್ಲಿ ಮಕ್ಕಳನ್ನೂ ಮೀರಿಸಿದ್ದರು.

ಆ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ, ಅವರು ಕಾಲು ನೆನೆಹಾಕಿಕೊಳ್ಳಲೆಂದು ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಟಬ್ಬಿಗೆ ಸುರಿದು, ತಣ್ಣೀರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ಅತ್ತೆ ಎರಡೂ ಕಾಲನ್ನು ಅದರಲ್ಲಿ ಇಳಿಬಿಟ್ಟು ಆರಾಮಾಗಿ ಕೂತಿದ್ದಾರೆ.

"ಅತ್ತೆ! ತೆಗೀರಿ ಕಾಲು!"

"ಯಾಕೆ? ನೀರು ಆರೇ ಹೋಗಿದೆಯಲ್ಲೇ."

ನಾನೇ ಎಳೆದು ತೆಗೆದೆ. ಪಾದದ ಕೀಲಿನವರೆಗೆ ಕೆಂಪಗೆ ಬೆಂದಿತ್ತು. ಅವರು ತಮ್ಮ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿ, "ಚಳಿಗೆ ಮರಗಟ್ಟಿದೆ" ಎಂದು ಮುಖ ತಿರುಗಿಸಿದರು. ಮುಲಾಮು ಹಚ್ಚುತ್ತಿದ್ದ ನನಗೆ ಬೂಟುಕೋಣೆಯ ತೊಟ್ಟಿ ನೆನಪಾಯಿತು. ಕುದಿವ ನೀರೇ ಗೊತ್ತಾಗದ ಕಾಲಿಗೆ ತಣ್ಣೀರಿನ ಹನಿ ಗೊತ್ತಾಗುತ್ತದೆಯೇ?

ಆಗ ಇನ್ನೊಂದು ನೆನಪಾಯಿತು. ಕೆಲವು ವಾರಗಳಿಂದ ನನ್ನ ಗಂಡ ಮನೆಯೊಳಗೂ ಕಾಲುಚೀಲ ತೆಗೆಯುತ್ತಿರಲಿಲ್ಲ. ಮರುದಿನ ಅವರಿಗೆ ರಜೆ. ಅತ್ತೆ ಹೊರಗೆ ಬಿಸಿಲಿಗೆ ಕೂತಿದ್ದಾಗ, ಬೇಡ ಬೇಡವೆಂದರೂ ಬಿಡದೆ ಅವರ ಎಡಗಾಲಿನ ಚೀಲ ಎಳೆದುಬಿಟ್ಟೆ. ಪಾದ ಬಿಳಿಚಿಕೊಂಡು ಸುಕ್ಕುಗಟ್ಟಿತ್ತು. ಕಿರುಬೆರಳು, ಅದರ ಪಕ್ಕದ್ದು, ಎರಡೂ ಕಪ್ಪಾಗಿದ್ದವು.

"ಯಾವಾಗಿಂದ?"

"ಮೂರು ವಾರ ಆಯ್ತು. ಮೆತ್ತಗೆ ಮಾತಾಡೇ, ಅಮ್ಮನಿಗೆ ಕೇಳ್ಸುತ್ತೆ."

"ಬೂಟು ಸೋರುತ್ತೆ ಅಂತ ಮೇಸ್ತ್ರಿಗೆ ಹೇಳೋಕೆ ಆಗ್ಲಿಲ್ವಾ ನಿಮ್ಗೆ?"

"ಹೇಳಿದ್ರೆ ಅಮ್ಮನ ಗೆರೆ ಸುಳ್ಳು ಅಂತ ಆಗುತ್ತಲ್ಲ. ಇಪ್ಪತ್ತಾರು ವರ್ಷದ ಗೆರೆ." ಕಾಲನ್ನು ಹಿಂದಕ್ಕೆ ಎಳೆದುಕೊಂಡು, "ತಂಡದಲ್ಲಿ ಇನ್ನಿಬ್ಬರ ಬೂಟೂ ಸೋರ್ತಿತ್ತು. ನಾನೇ ಅವರ ಕೈ ಹಿಡ್ಕೊಂಡು ಸುಮ್ಮನಿರ್ಸಿದೀನಿ" ಎಂದರು.

ತಾಯಿಯ ಮಾನಕ್ಕಾಗಿ ಬೆರಳು ಕೊಡುವ ಮಗನನ್ನು ಕಂಡು ಕಣ್ಣೀರು ಹಾಕುವ ಜಾಯಮಾನ ನನ್ನದಲ್ಲ. ಕೋಪ ನೆತ್ತಿಗೇರಿತ್ತು. ತಮ್ಮ ಬೆರಳನ್ನಾದರೆ ಕೊಡಲಿ, ಪರರ ಬೆರಳನ್ನು ಕೊಡಲು ಇವರಾರು? ಅವರು ಹಿಂದಿನ ದಿನ ಹಾಕಿಕೊಂಡು ಬಂದಿದ್ದ ಎಡಬೂಟನ್ನು ಎತ್ತಿಕೊಂಡು ಹೋಗಿ ಅತ್ತೆಯ ಮುಂದೆ ಕುಕ್ಕಿದೆ.

"ಇದು ಸೋರುತ್ತೆ ಅತ್ತೆ. ಇನ್ನಿಬ್ಬರದೂ ಸೋರುತ್ತಂತೆ."

"ನಾನು ನಿಂತು ನೋಡಿದೀನಿ. ಬೆವರಿರ್ಬೇಕು."

ಬೂಟಿನ ತುಂಬ ನೀರು ಹೊಯ್ದು, ನಡೆಯುವಾಗ ಮಡಿಸುವಂತೆ ಅದರ ಮೂತಿಯನ್ನು ಒತ್ತಿ ಮಡಿಸಿದೆ. ಕಿರುಬೆರಳ ಪಕ್ಕದ ಹೊಲಿಗೆಯಿಂದ ಒಂದು ಹನಿ ಉಬ್ಬಿ ಬಂತು, ಒಣ ಕಲ್ಲಿನ ಮೇಲೆ ಬಿತ್ತು. ಆಮೇಲೆ ಇನ್ನೊಂದು. ಅತ್ತೆ ನಾಲ್ಕನೆಯ ಹನಿಯವರೆಗೆ ನೋಡಿದರು. "ಅವನ ಕಾಲು ಹೇಗಿದೆ?" ಎಂದು ಕೇಳಿ ಎದ್ದು ಒಳಗೆ ಹೋದರು. ಮಗ ಚೀಲ ಹಾಕಿಕೊಳ್ಳಲು ತಡಕಾಡುತ್ತಿದ್ದ. ಅವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಆ ಎರಡು ಬೆರಳನ್ನು ಗೆರೆ ಇಲ್ಲದ ಹೆಬ್ಬೆರಳಿನಿಂದ ಸವರಿದರು.

"ನೋಯುತ್ತಾ ಮಗಾ?"

"ಇಲ್ಲಮ್ಮ."

"ನೋವಾಗ್ದೇ ಇರೋದೇ ಕೆಟ್ಟದ್ದು ಕಣೋ" ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, ನಾನು ಕೇಳದಿದ್ದರೂ ಹೇಳಿದರು: "ಒಂದು ವರ್ಷ ಆಯ್ತು ಕಾಲು ಸತ್ತು. ನಂಗೆ ಗೊತ್ತಿತ್ತು. ಬೂಟು ಬಿಚ್ಚಿದಾಗ ಒದ್ದೆ ಕಂಡ್ರೆ ಬೆವರು ಅಂತ ನಂಗೆ ನಾನೇ ಹೇಳ್ಕೊಂಡೆ. ಆ ಕೋಣೆ ಬಿಟ್ರೆ ನಾನ್ಯಾರು ಅಂತ ಭಯ ಆಯ್ತು."

ಬೈಯಬೇಕೆಂದು ಬಾಯಿ ತೆರೆದಿದ್ದೆ. ಅದರ ಬದಲು ಗಂಡನಿಗೆ, "ಏಳಿ, ಆಸ್ಪತ್ರೆಗೆ" ಎಂದೆ.

ಗಂಡನನ್ನು ಆ ದಿನವೇ ಆಸ್ಪತ್ರೆಗೆ ಸೇರಿಸಿದೆ. ಆ ಎರಡು ಬೆರಳನ್ನು ಡಾಕ್ಟರು ತೆಗೆದರು. ಮರುದಿನ ಬೆಳಿಗ್ಗೆ ಅತ್ತೆ ಬೆಂದ ಕಾಲಿಗೆ ಬಟ್ಟೆ ಸುತ್ತಿಕೊಂಡು, ನನ್ನ ಭುಜ ಹಿಡಿದು ಬೂಟುಕೋಣೆಗೆ ಹೋದರು. ತಂಡದವರು ಬೂಟಿಗೆ ಕೈ ಹಾಕುವ ಮೊದಲೇ, ಒದ್ದೆ ಬಟ್ಟೆ ತೆಗೆದುಕೊಂಡು ಸಾಲಾಗಿದ್ದ ಬೂಟುಗಳನ್ನು ಒಂದೊಂದಾಗಿ ಮಗುಚಿ, ತಾವು ಎಳೆದ ಗೆರೆಗಳನ್ನೆಲ್ಲ ಅಳಿಸುತ್ತ ಬಂದರು. ಯಾರಿಗೂ ಏನೂ ಅರ್ಥವಾಗಲಿಲ್ಲ. ಕೊನೆಯ ಜೊತೆ ಮುಗಿದ ಮೇಲೆ ನಿಂತು ಹೇಳಿದರು: "ನನ್ನ ಕಾಲಿಗೆ ಈಗ ಏನೂ ತಿಳಿಯಲ್ಲ. ವರ್ಷದಿಂದ ನಿಮ್ಗೆ ಸುಳ್ಳು ಗೆರೆ ಎಳೆದು ಕೊಟ್ಟಿದೀನಿ. ನನ್ನ ಮಗನ ಬೆರಳು ಹೋಯ್ತು. ನಿಮ್ಮಲ್ಲೂ ಇಬ್ಬರ ಬೂಟು ಸೋರ್ತಿದೆ. ಇವತ್ತು ಯಾರೂ ಒಳಗೆ ಹೋಗ್ಬೇಡಿ."

ಮೇಸ್ತ್ರಿ ಕೂಗಾಡಿದ. ಒಬ್ಬ ಕೆಲಸಗಾರ ಬೂಟನ್ನು ಗೋಡೆಗೆ ಎಸೆದು ಹೊರಗೆ ನಡೆದ. ಅತ್ತೆ ತಲೆ ತಗ್ಗಿಸಲೂ ಇಲ್ಲ, ಸಮಜಾಯಿಷಿ ಕೊಡಲೂ ಇಲ್ಲ. ಎಲ್ಲರ ಬೈಗುಳ ಮುಗಿದ ಮೇಲೆ ಕೆಲಸಕ್ಕೆ ಕೂತರು. ಇಪ್ಪತ್ತೆಂಟು ಜೊತೆಯ ಹಳೆಯ ಮೇಣವನ್ನೆಲ್ಲ ಕೆರೆದು, ಒಣಗಿಸಿ, ಮೊದಲಿಂದ ಹಚ್ಚಿದರು. ಆರು ದಿನ ಹಿಡಿಯಿತು. ಅಷ್ಟೂ ದಿನ ನಾನು ಪಕ್ಕದಲ್ಲಿ ಕೂತು ಸಡಿಲಾದ ಹೊಲಿಗೆ ಬಿಗಿದೆ. ಆಸ್ಪತ್ರೆಗೂ ಅಲ್ಲಿಗೂ ಓಡಾಡಿ ಸುಸ್ತಾಗಿದ್ದೆ. ಏಳನೆಯ ದಿನ ಅವರು ತೊಟ್ಟಿಯನ್ನು ನೋಡಿದರು, ಆಮೇಲೆ ನನ್ನ ಕಾಲನ್ನು ನೋಡಿದರು.

"ನಿನ್ನ ಬೆಣ್ಣೆಗಾಲು ಕೊಡ್ತೀಯೇನೇ?"

ಮಾತಿನ ವರಸೆ ಹಳೆಯದೇ, ದನಿ ಮಾತ್ರ ಬೇಡುವಂತಿತ್ತು. ನಾನು ಬೂಟಿಗೆ ಕಾಲು ತೂರಿಸಹೋದರೆ, "ತಾಳು" ಎಂದು ತಡೆದರು. ತೊಟ್ಟಿಯಲ್ಲಿ ಬೆರಳದ್ದಿ ನನ್ನ ಅಂಗಾಲಿಗೆ ಮುಟ್ಟಿಸಿದರು. ನಾನು ಬೆಚ್ಚಿ ಕಾಲೆಳೆದುಕೊಂಡೆ. "ಹ್ಞಾ, ಬದುಕಿದೆ. ಈಗ ನಿಲ್ಲು."

ನಿಂತೆ. ಐದು ನಿಮಿಷವಾಯಿತು, ಹತ್ತಾಯಿತು.

"ಏನಾದ್ರೂ?"

"ಇಲ್ಲ ಅತ್ತೆ."

"ಬರ್ತಿಲ್ವೋ, ನಿಂಗೆ ಗೊತ್ತಾಗ್ತಿಲ್ವೋ?"

ಮುಂದೆಯೂ ಪ್ರತಿ ಜೊತೆಗೆ ಈ ಪ್ರಶ್ನೆ ತಪ್ಪಲಿಲ್ಲ. ಒಂದು ವರ್ಷ ತಮ್ಮನ್ನು ತಾವು ಕೇಳಿಕೊಳ್ಳದೆ ಉಳಿಸಿಕೊಂಡಿದ್ದ ಪ್ರಶ್ನೆ ಅದು ಎಂದು ಗೊತ್ತಿದ್ದುದರಿಂದ ನಾನು ಒಂದು ದಿನವೂ ರೇಗಲಿಲ್ಲ. ಮೂರನೆಯ ಜೊತೆಯಲ್ಲಿ ಬಲಗಾಲಿನ ಹಿಮ್ಮಡಿಗೆ ಸೂಜಿ ತಾಗಿದಂತೆ ತಣ್ಣಗಾಯಿತು. ಹೇಳಿದೆ. ಅವರು ಆ ಜಾಗಕ್ಕೆ ಬಿಸಿ ಮೇಣ ತಿಕ್ಕಿದರು. ಸೀಮೆಸುಣ್ಣವನ್ನು ಮಾತ್ರ ಮತ್ತೆಂದೂ ಮುಟ್ಟಲಿಲ್ಲ. ಗೆರೆ ಎಳೆಯುವುದು ನನ್ನ ಪಾಲಿಗೆ ಬಂತು.

ನನ್ನ ಗಂಡ ಕೆಲಸಕ್ಕೆ ಮರಳಿದ್ದು ಐದು ತಿಂಗಳ ಮೇಲೆ. ಅವರ ಎಡಬೂಟಿನಲ್ಲಿ ಬೆರಳಿಲ್ಲದ ಜಾಗಕ್ಕೆ ಅತ್ತೆ ಉಣ್ಣೆ ತುಂಬಿ ಹೊಲಿದಿದ್ದರು. ಆ ಜೊತೆಯಲ್ಲಿ ನಾನು ಕಾಲು ಗಂಟೆಯಲ್ಲ, ಒಂದು ಗಂಟೆ ನಿಂತಿದ್ದೆ. ಆದರೂ ಆ ದಿನವೆಲ್ಲ ಅತ್ತೆಗೆ ಅನ್ನ ಸೇರಲಿಲ್ಲ. ಸಂಜೆ ತಂಡ ಹೊರಬರುವ ಹೊತ್ತಿಗೆ ಸುರಂಗದ ಬಾಯಲ್ಲೇ ಹೋಗಿ ನಿಂತಿದ್ದರು. ಮಗನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು, ಲೇಸು ಬಿಚ್ಚಿ ಎಡಗಾಲಿನ ಬೂಟು ಎಳೆದರು. ತಂಡದವರೆಲ್ಲ ಸುತ್ತ ನಿಂತರು. ಅಂದು ಬೂಟು ಎಸೆದಿದ್ದವನೂ ನಿಂತ. ಅತ್ತೆ ಮಗನ ಮುಖ ನೋಡಲಿಲ್ಲ. ಬೂಟಿನೊಳಗೆ ಕೈ ತೂರಿಸಿ, ಮೂತಿಯ ತನಕ, ಉಣ್ಣೆಯ ತನಕ ತಡವಿದರು. ಬಹಳ ಹೊತ್ತು ಕೈ ಹೊರಗೆ ತೆಗೆಯಲೇ ಇಲ್ಲ.

"ಬೆಚ್ಚಗಿದೆ" ಎಂದರು ಕೊನೆಗೆ. "ಬೆವರೇ ಇದು." ಆ ಬೂಟನ್ನು ಎದೆಗೊತ್ತಿಕೊಂಡು, ನಾನು ಆ ಮನೆಗೆ ಬಂದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತರು.