ನಾಗಪತಿ ಭಟ್ಟರ ಗೇರ್ ಸೈಕಲ್ಲು

ತ್ಯಾಗಲಿಯ ನಾಗಪತಿ ಭಟ್ಟರು ಸುತ್ತಲಿನ ಅರವತ್ತು ಮನೆಗಳ ಪುರೋಹಿತರು. ಯಾವ ಮನೆಗೆ ಹೋಗುವುದಿದ್ದರೂ ಒಂದು ಗುಡ್ಡ ಹತ್ತಿ ಇಳಿಯಬೇಕು. ಇಳಿಜಾರಿನಲ್ಲಿ ಅವರ ಹಳೆಯ ಕಪ್ಪು ಸೈಕಲ್ಲು ಅವರನ್ನು ಹೊರುತ್ತಿತ್ತು. ಏರಿನಲ್ಲಿ ಅವರೇ ಅದನ್ನು ತಳ್ಳಬೇಕಿತ್ತು. ಐವತ್ತೆರಡು ತುಂಬುವಷ್ಟರಲ್ಲಿ ಮಂಡಿಗಳು ತಕರಾರು ತೆಗೆದವು. ಸ್ಕೂಟರ್ ಕಲಿಯಲು ಹೋಗಿ ಒಮ್ಮೆ ಹುಲ್ಲಿನ ಗೊಣಬೆಗೆ ನುಗ್ಗಿದ್ದರಿಂದ ಆ ಆಸೆಯನ್ನು ಬಿಟ್ಟಿದ್ದರು.

೨೦೦೪ರಲ್ಲಿ, ಪಿತೃಪಕ್ಷಕ್ಕೆ ಹದಿನೈದು ದಿನ ಮೊದಲು, ಶಿರಸಿಯ ಸೈಕಲ್ ಅಂಗಡಿಯಲ್ಲಿ ದಪ್ಪ ಟೈರಿನ ಗೇರ್ ಸೈಕಲ್ಲೊಂದು ಕಣ್ಣಿಗೆ ಬಿತ್ತು. ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಇತ್ತು. ಹಿಂದೆ ಇರಲಿಲ್ಲ.

“ಹಿಂದೆ ಎಂತಕ್ಕೆ ಹಾಕಲಿಲ್ಲ ಮಾರಾಯಾ?” ಭಟ್ಟರು ಕೇಳಿದರು.

ಅಂಗಡಿಯ ಮಧುಕೇಶ್ವರ ಬನವಾಸಿ ಕಡೆಯವನು, ಸುಳ್ಳು ಹೇಳಿ ಮಾರುವವನಲ್ಲ. “ಹಾಕಿದ್ರ ರೇಟು ದುಪ್ಪಟ್ಟಾಗತೈತ್ರಿ ಭಟ್ರ. ಮತ್ತ ಏರು ಹತ್ತುವಾಗ ನಿಮ್ಮ ಅರ್ಧ ಶಕ್ತಿ ಆ ಸ್ಪ್ರಿಂಗ್ ಕುಣಿಸಾಕ ಹೋಗತೈತಿ. ಇದು ತುಳಿದಷ್ಟೂ ಮುಂದ ಹೋಗತೈತಿ. ಆದ್ರ ಕೇಳ್ರಿ, ಭಾರ ಐತಿ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ. ಹಿಂದಿನ ಗೇರು ಭಾಳ ನಾಜೂಕು. ಆಮ್ಯಾಲೆ ನನ್ನ ಬೈಬ್ಯಾಡ್ರಿ.”

ಭಟ್ಟರು ಸೈಕಲ್ ತಂದೇಬಿಟ್ಟರು. ಹೆಂಡತಿ ಪರಿಮಳಾ ಅಂಗಳದಲ್ಲೇ ತಡೆದಳು. “ಈ ಪ್ರಾಯದಲ್ಲಿ ಹುಡ್ಗ್ರ ಸೈಕಲ್ಲು ಎಂತಕ್ಕೆ ಬೇಕಾತು? ಜನ ನೆಗ್ಯಾಡ್ತ.”

“ನೆಗ್ಯಾಡ್ಲಿ. ಮಂಡಿ ನೋವು ನಂದು, ಅವರದ್ದಲ್ಲ” ಎಂದರು ಭಟ್ಟರು.

ಮೊದಲ ವಾರ ಚೈನು ದಿನಕ್ಕೆ ನಾಲ್ಕು ಸಲ ಕಳಚಿತು. ಜೋರಾಗಿ ತುಳಿಯುತ್ತಿರುವಾಗ ಗೇರು ಬದಲಿಸಬಾರದು, ಏರು ಶುರುವಾಗುವ ಮೊದಲೇ ಬದಲಿಸಬೇಕು ಎಂಬುದು ಕ್ರಮೇಣ ತಿಳಿಯಿತು. ಎಂಟನೆಯ ದಿನ ಮನೆಯ ಹಿಂದಿನ ಗುಡ್ಡವನ್ನು ನೆಲಕ್ಕೆ ಕಾಲಿಡದೆ ಹತ್ತಿದರು. ತುದಿಯಲ್ಲಿ ನಿಂತು ನೋಡಿದರೆ ಸಾಕ್ಷಿಗೆ ಒಂದು ಎಮ್ಮೆ ಬಿಟ್ಟು ಯಾರೂ ಇಲ್ಲ. ಆ ಎಮ್ಮೆಗೇ ಹೇಳಿದರು, “ಕಂಡ್ಯನೇ!”

ಪಿತೃಪಕ್ಷದಲ್ಲಿ ಗೌರಕ್ಕನ ಮನೆಯ ಶ್ರಾದ್ಧ. ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಭಟ್ಟರು ಮಡಿಯುಟ್ಟು, ಹೊತ್ತಿಗೆ ಸರಿಯಾಗಿ ಬಂದಿಳಿದು ಕಾಲು ತೊಳೆಯಲು ಬಗ್ಗಿದರು. ಎಂಬತ್ತರ ಗೌರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

“ಭಟ್ರೇ, ಇದೆಂತದು, ಬೆನ್ನಿಗೂ ನಾಮ ಹಾಕ್ಯಂಡು ಬೈಂದ್ರಿ?”

ಹಿಂದಿನ ಚಕ್ರ ಎರಚಿದ ಕೆಂಪು ರಾಡಿ ಸೊಂಟದಿಂದ ಜುಟ್ಟಿನವರೆಗೆ ನೇರ ಪಟ್ಟೆ ಎಳೆದಿತ್ತು. ಭಟ್ಟರು ಮತ್ತೆ ಸ್ನಾನ ಮಾಡಿ, ಆ ಮನೆಯ ಮಡಿಯುಟ್ಟು ಶ್ರಾದ್ಧ ಮಾಡಿಸಬೇಕಾಯಿತು. ಮರುದಿನ ಅಗಲವಾದ ಅಡಿಕೆ ಹಾಳೆಯೊಂದನ್ನು ಕತ್ತರಿಸಿ ಸೀಟಿನ ಕೆಳಗೆ ಹಗ್ಗದಿಂದ ಬಿಗಿದರು. ಹಾಳೆ ತಿಂಗಳಿಗೊಂದು ಹಾಳಾಗುತ್ತಿತ್ತು. ಹಾಳೆಗೇನು ಬರ?

ಮುಂದಿನ ವೈಶಾಖದಲ್ಲಿ ಇಕ್ಕಟ್ಟು ಬಂತು. ಬೆಳಿಗ್ಗೆ ಒಂದೂರಲ್ಲಿ ಗೃಹಪ್ರವೇಶ ಮಾಡಿಸಿ ಕೈ ತೊಳೆಯುತ್ತಿದ್ದಾಗ, ಗುಡ್ಡದಾಚೆಯ ಮನೆಯಿಂದ ಫೋನು. ಅಲ್ಲಿ ಉಪನಯನ ಮಾಡಿಸಬೇಕಿದ್ದ ರಘುಪತಿ ಭಟ್ಟರು ಜ್ವರ ಬಂದು ಮಲಗಿದ್ದಾರೆ. ಮುಹೂರ್ತಕ್ಕೆ ಉಳಿದಿರುವುದು ಒಂದೂವರೆ ತಾಸು. ರಸ್ತೆಯಲ್ಲಿ ಸುತ್ತಿ ಹೋದರೆ ಆಗದು. “ಕಾಡು ದಾರಿಯಲ್ಲಿ ಬತ್ತೆ” ಎಂದು ಭಟ್ಟರು ಪಂಚೆ ಎತ್ತಿ ಕಟ್ಟಿದರು.

ಏರನ್ನು ಸಣ್ಣ ಗೇರು ಗೆದ್ದಿತು. ಇಳಿಯುವಾಗ ಬೇರು, ಕಲ್ಲು. ಮುಂದಿನ ಸ್ಪ್ರಿಂಗು ಕೈಗಳನ್ನು ಕಾಪಾಡಿತು, ಆದರೆ ಹಿಂದಿನಿಂದ ಬಂದ ಪ್ರತಿ ಹೊಡೆತವೂ ನೇರ ಭಟ್ಟರಿಗೇ. ಅರ್ಧ ದಾರಿಯಲ್ಲಿ ಒಣಕೋಲೊಂದು ಚಕ್ರಕ್ಕೆ ಸಿಕ್ಕಿ, ಹಿಂದಿನ ಗೇರನ್ನು ಹಿಡಿದಿದ್ದ ತಗಡು ಟಕ್ಕೆಂದು ತಿರುಚಿಕೊಂಡಿತು. ಮಧುಕೇಶ್ವರನ ಮಾತು ನೆನಪಾಯಿತು, ಬೈಯಲಿಲ್ಲ. ಜೋತುಬಿದ್ದ ಚೈನನ್ನು ಚೀಲದಲ್ಲಿದ್ದ ಬಾಳೆನಾರಿನಿಂದ ಮೇಲೆತ್ತಿ ಕಟ್ಟಿ, ಏರಿದ್ದಲ್ಲಿ ತಳ್ಳಿ ಓಡಿ, ಇಳಿಜಾರಿನಲ್ಲಿ ಹತ್ತಿ ಜಾರಿ, ಮುಹೂರ್ತಕ್ಕೆ ಹತ್ತು ನಿಮಿಷವಿರುವಾಗ ಚಪ್ಪರದೊಳಗೆ ಬಂದರು. ಮೈಯೆಲ್ಲ ಬೆವರು, ಮೊದಲು ಬಾವಿಕಟ್ಟೆಯಲ್ಲಿ ನಾಲ್ಕು ಕೊಡ ನೀರು ಹೊಯ್ಯಿಸಿಕೊಂಡರು.

ಮಣೆಯ ಮೇಲೆ ಕೂತ ಭಟ್ಟರು ಹಾಗೇ ಎದ್ದರು.

“ಎಂತಾತು ಭಟ್ರೇ?” ಮನೆಯ ಯಜಮಾನ ಗಾಬರಿಯಾದ.

“ಎಂತೂ ಇಲ್ಲೆ. ಒಂದು ಕಂಬಳಿ ನಾಕು ಮಡಿಕೆ ಮಾಡಿ ಹಾಸು.”

ಉಪನಯನ ಸಾಂಗವಾಗಿ ನಡೆಯಿತು. ಆಶೀರ್ವಾದವನ್ನು ಮಾತ್ರ ಭಟ್ಟರು ನಿಂತೇ ಹೇಳಿದರು.

ಮಧುಕೇಶ್ವರ ತಗಡು ಬದಲಿಸಿಕೊಟ್ಟ. “ಕಲ್ಲು ಬಂದಲ್ಲಿ ಸೀಟು ಬಿಟ್ಟು ಪೆಡಲ್ ಮ್ಯಾಲೆ ನಿಂದರ್ರಿ, ಮೊಣಕಾಲು ಸಡಿಲ ಬಿಡ್ರಿ, ಅವೇ ನಿಮ್ಮ ಹಿಂದಿನ ಸ್ಪ್ರಿಂಗು” ಎಂದ. ಅದನ್ನು ಕಲಿತ ಮೇಲೆ ಭಟ್ಟರಿಗೆ ಕಾಡು ದಾರಿಯೇ ಇಷ್ಟವಾಯಿತು. ಯಾರಾದರೂ ಸೈಕಲ್ ಹೇಗೆ ಎಂದು ಕೇಳಿದರೆ ಮೊದಲು ದೋಷಗಳನ್ನೇ ಹೇಳುತ್ತಿದ್ದರು, ಆಮೇಲೆ ಕೇಳಿದವರನ್ನು ಹತ್ತಿಸಿ ಗುಡ್ಡಕ್ಕೆ ಕಳಿಸುತ್ತಿದ್ದರು.

೨೦೦೭ರಲ್ಲಿ ಕಿರವತ್ತಿ ಹತ್ತಿರದ ತಂಗಿಯ ಮನೆಗೆ ಸೈಕಲ್ಲಿನಲ್ಲೇ ಹೊರಟರು. ರಾತ್ರಿ ಶಿರಸಿಯಲ್ಲಿ ಉಳಿದು ಹೋದರೆ ಎರಡು ದಿನದ ದಾರಿ. ಡಾಂಬರಿನ ಮೇಲೆ ಮುಳ್ಳುಟೈರು ಗುಂಯ್ಗುಟ್ಟುತ್ತ ಹಿಂದಕ್ಕೆ ಎಳೆಯಿತು. ಹಳೆಯ ಕಪ್ಪು ಸೈಕಲ್ಲಿನವನೊಬ್ಬ ಆರಾಮಾಗಿ ಹಿಂದೆ ಹಾಕಿ ಹೋದ. ಕಿರವತ್ತಿಯ ಢಾಬಾದ ಎದುರು ನೀರು ಕುಡಿಯಲು ನಿಂತಾಗ ಲಾರಿ ಡ್ರೈವರುಗಳು ಸುತ್ತುಗಟ್ಟಿದರು. ಜುಟ್ಟು, ಪಂಚೆ, ಹದಿನೆಂಟು ಗೇರು! ಒಬ್ಬ ಕೇಳಿದ, “ಇಷ್ಟು ಗೇರು ನಮ್ಮ ಲಾರಿಗೂ ಇಲ್ಲಲ್ರಿ ಅಜ್ಜಾರ, ಎಲ್ಲಾ ಬಳಸ್ತೀರೇನ್ರಿ?”

“ಮೂರೇ ಬಳಸದು” ಎಂದರು ಭಟ್ಟರು. “ಉಳಿದದ್ದು ಇರ್ಲಿ, ಬಿಡು.”