ಚಪ್ಪಲಿ ಬಿಟ್ಟು ಒಳಗೆ ಬರುವ ಖೋಲಿ

ನಾನಿನ್ನೂ ನಂಬಿಲ್ಲ...

ಬೆಳಿಗ್ಗೆ ಫೋನ್ ಬಂದಾಗ ಸುಳ್ಳು ಸುದ್ದಿ ಇರಬೇಕು ಅಂದುಕೊಂಡೆ.
ಹೋದ ವರ್ಷವೂ ಯಾರೋ ಹೀಗೇ ಹಬ್ಬಿಸಿದ್ದರು.
ಕಾನ್ವೆಂಟಿಗೆ ನಾನೇ ಫೋನ್ ಮಾಡಿದೆ.
ಆ ಕಡೆಯಿಂದ ಅಳು ಕೇಳಿಸಿತು.

ಸಿಸ್ಟರ್ ಬೆನಿಟಾ ಹೋದರು.

ಕಮಲಾಪುರದ ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್.
ಅವರ ಕೈಕೆಳಗೆ ನಾನು ಹೊಲಿಗೆ ಕಲಿಸುತ್ತಿದ್ದೆ. ಪಟ್ಟಣದ ಐವಾನ್-ಎ-ಶಾಹಿ ಬಡಾವಣೆಯ ಮನೆಯಿಂದ ದಿನಾ ಹುಮನಾಬಾದ್ ಕಡೆಯ ಬಸ್ಸು ಹಿಡಿದು ಹೋಗುತ್ತಿದ್ದೆ.

ತೊಂಬತ್ತರ ದಶಕದ ಮಾತು...
ಶಾಲೆಯ ಹಿಂದೆ ಅವರು ಒಂದು ಹೊಸ ಖೋಲಿ ಕಟ್ಟಿಸಿದರು.
ಬೆಂಚು ಇಲ್ಲ. ಕರಿಹಲಗೆ ಇಲ್ಲ.
ಶಹಾಬಾದ ಕಲ್ಲಿನ ನೆಲ, ಗೋಡೆ ತುಂಬ ಪುಸ್ತಕ.
ಮಕ್ಕಳು ದುಂಡಗೆ ಕೂತು ತಾವೇ ಓದಬೇಕು, ತಾವೇ ಪ್ರಶ್ನೆ ಕೇಳಬೇಕು.
ಬಾಗಿಲಿಗೆ ಕೀಲಿ ಇರಲಿಲ್ಲ.
ನಿಯಮ ಒಂದೇ, ಚಪ್ಪಲಿ ಹೊರಗೆ.

ಊರಿಗೆ ಅಷ್ಟೇ ಸಾಕಾಯಿತು.
ಚಪ್ಪಲಿ ಬಿಟ್ಟು ಹೋಗುವುದು ದೇವರ ಜಾಗಕ್ಕೆ. ಹಾಗಾದರೆ ಇದು ಓದುವ ಖೋಲಿ ಅಲ್ಲ, ಪ್ರಾರ್ಥನೆಯ ಖೋಲಿ... ಮಕ್ಕಳನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಳ್ಳುತ್ತಾರೆ...
ಹೆಣ್ಣುಮಕ್ಕಳನ್ನು ಶಾಲೆ ಬಿಡಿಸುವ ಮಾತು ಶುರುವಾಯಿತು. ಬಿಡಿಸಿದರೆ ಅವರನ್ನು ಮತ್ತೆ ಬೇರೆ ಶಾಲೆಗೆ ಹಾಕುವವರಿಲ್ಲ, ಮನೆಯೇ ಗತಿ.

ಸುಳ್ಳೇಕೆ, ಸಂಶಯ ನನಗೂ ಇತ್ತು.

ಸಿಸ್ಟರ್... ನಿಮಗೆ ನೆನಪಿದೆಯಾ?
ಮೊಮ್ಮಗಳು ಸುಧಾಳ ಟಿಸಿ ಕೇಳಲು ನರಹರಿ ಆಚಾರ್ಯರು ಬಂದಿದ್ದು?
ಮೊದಲು ಖೋಲಿ ನೋಡಿ ಅಂದಿರಿ. ಅವರು ಹೊಸ್ತಿಲ ಹೊರಗೇ ಕೂತುಬಿಟ್ಟರು.

"ಒಳಗ ಬರ್ರಿ ಅಜ್ಜಾರ," ಅಂದಿರಿ. ಮಂಗಳೂರು ಕಡೆಯ ನೀವು ಆಗ ತಾನೇ ನಮ್ಮ ಮಾತು ಕಲಿಯುತ್ತಿದ್ದಿರಿ.
"ಬಂದ್ರ ಚಪ್ಪಲಿ ಬಿಡಬೇಕಾಗ್ತದ. ಬಿಟ್ರ ಕೈ ಮುಗದಂಗ ಆಗ್ತದ. ನಾ ಇಲ್ಲೇ ಕೂಡ್ತೀನಿ."

ಕೂತಲ್ಲಿಂದಲೇ ಗೋಡೆಗಳನ್ನೆಲ್ಲ ನೋಡಿದರು.
"ಎಲ್ಲಾ ಕ್ಲಾಸಿನಾಗ ಶಿಲುಬಿ ಅದ. ಇಲ್ಲಿ ಯಾಕ ಇಲ್ಲ? ಎಲ್ಲಿ ಮುಚ್ಚಿಟ್ಟೀರಿ ಬಾಯಾರ?"
"ಇದ್ರೂ ಸಂಶಯ, ಇಲ್ದಿದ್ರೂ ಸಂಶಯ. ನಾ ಏನ್ ಮಾಡ್ಲಿ ಅಜ್ಜಾರ? ಎಲ್ಲಾ ಕಡಿ ಕಪಾಟು ಅದ, ಮೊಳಿ ಹೊಡೀಲಿಕ್ಕೆ ಜಾಗ ಇಲ್ಲ," ಅಂದು ನಕ್ಕಿರಿ.

ಅದು ಪೂರ್ತಿ ನಿಜ ಅಲ್ಲ ಸಿಸ್ಟರ್.
ಕಿಟಕಿಯ ಮೇಲೆ ಜಾಗ ಇತ್ತು. ನಾನು ನೋಡಿದ್ದೆ.
ಯಾಕೆ ಖಾಲಿ ಬಿಟ್ಟಿರಿ ಅಂತ ಕೇಳಬೇಕು ಅಂದುಕೊಂಡೇ ಇಷ್ಟು ವರ್ಷ ಹೋಯಿತು...

ಅಜ್ಜ ಆಮೇಲೆ ಬಾಗಿಲ ಬಳಿಯ ಚಪ್ಪಲಿಗಳನ್ನು ನೋಡಿದರು. ಒಳಗಿನ ಮಕ್ಕಳನ್ನು ನೋಡಿದರು.
"ಒಳಗ ಮಂದಿ ಜಾಸ್ತಿ, ಹೊರಗ ಚಪ್ಪಲಿ ಕಮ್ಮಿ. ಯಾರನ್ನ ತಂದು ತುಂಬೀರಿ?"

ನೀವು ಕೇಳಿಸದವರಂತೆ ಕಪಾಟಿನ ಪುಸ್ತಕ ಸರಿಮಾಡತೊಡಗಿದಿರಿ. ನನ್ನ ಸಂಶಯ ಇನ್ನೂ ಹೆಚ್ಚಾಯಿತು.

ಉತ್ತರ ಕೊಟ್ಟವಳು ಕಂಪೌಂಡ್ ಕಟ್ಟುವಲ್ಲಿ ಕಲ್ಲು ಹೊರುತ್ತಿದ್ದ ಶಾಂತಾಬಾಯಿ.
"ನನ್ನ ಮಗಳು ಒಳಗ ಅದಾಳ್ರಿ ಅಜ್ಜಾರ. ಸರ್ಕಾರಿ ಸಾಲಿ ಹುಡುಗಿ. ಆಕಿಗಿ ಚಪ್ಪಲಿ ಎಲ್ಲಿಂದ ತರ್ಲಿ? ಇಲ್ಲಿ ಎಲ್ಲಾರೂ ಬರಿಗಾಲಾಗ ಕೂಡ್ತಾರ... ಅದಕ್ಕ ನಾಚಿಕಿ ಬಿಟ್ಟು ಬರ್ತಾಳ."

ಅಜ್ಜ ಮಕ್ಕಳ ಕಾಲುಗಳನ್ನು ಒಂದೊಂದಾಗಿ ನೋಡಿದರು.
ಕೊನೆಗೆ ಚಪ್ಪಲಿ ಬಿಟ್ಟು ಒಳಗೆ ಬಂದರು.
"ಸಂಶಯ ಹೋಗಿಲ್ಲ ನೋಡ್ರಿ ಮತ್ತ. ವಾರಾ ವಾರಾ ಬಂದು ನಿಗಾ ಇಡ್ತೀನಿ."
ಸುಧಾ ಹತ್ತನೇ ತರಗತಿ ಮುಗಿಸುವವರೆಗೂ ನಿಗಾ ಇಡಲು ಬಂದರು. ಬಂದಾಗಲೆಲ್ಲ ಮಕ್ಕಳ ನಡುವೆ ಕೂತು ಒಂದು ಪುಸ್ತಕ ಓದಿ ಹೋಗುತ್ತಿದ್ದರು.

ನೀತಿಪಾಠದ ಪೀರಿಯಡ್‌ನಲ್ಲಿ ನೀವು ಮಕ್ಕಳಿಗೆ ಹೇಳುತ್ತಿದ್ದುದು ನನಗೆ ಅಷ್ಟಾಗಿ ನೆನಪಿಲ್ಲ ಸಿಸ್ಟರ್.
ಆ ಬರಿಗಾಲುಗಳು ನೆನಪಿವೆ...

ಗೆಳೆಯರೇ, ಮಧ್ಯಾಹ್ನದಿಂದ ನಮ್ಮ ಶಾಲೆಯ ಹಳಬರ ಗ್ರೂಪಿನಲ್ಲಿ ಒಂದು ಮಾತು ಓಡಾಡುತ್ತಿದೆ.
ಆ ಖೋಲಿ ತೆಗೆದು ಸಿಸ್ಟರ್ ಹೆಸರಲ್ಲಿ ಡಿಜಿಟಲ್ ಲರ್ನಿಂಗ್ ಸೆಂಟರ್ ಮಾಡುತ್ತಾರಂತೆ.
ಎಸಿ... ಗಾಜಿನ ಬಾಗಿಲು... ಒಳಗೆ ಹೋಗಲು ಶಾಲೆಯ ಐಡಿ ಕಾರ್ಡ್.
ಚಪ್ಪಲಿ ಬಿಡುವ ನಿಯಮ ಅಲ್ಲೂ ಇರುತ್ತದಂತೆ. ಕಂಪ್ಯೂಟರಿಗೆ ಧೂಳು ಆಗಬಾರದಲ್ಲ.
ನೀವೆಲ್ಲ ಲೈಕ್ ಒತ್ತಿದ್ದೀರಿ. ನಾನು ಒತ್ತಿಲ್ಲ.
ಸರ್ಕಾರಿ ಶಾಲೆಯ ಮಕ್ಕಳಿಗೆ ಐಡಿ ಕಾರ್ಡ್ ಯಾರು ಕೊಡುತ್ತಾರೆ ಅಂತ ಕೇಳಿದ್ದೇನೆ.

ನಾಳೆ ಅವರನ್ನು ಕೊನೆಯ ಸಲ ಶಾಲೆಗೆ ತರುತ್ತಾರೆ.
ಬರುವವರು ಆ ಖೋಲಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.
ಮುಂದೆ ಅಲ್ಲಿ ಏನೇ ಕಟ್ಟಲಿ, ಆಗಲೂ ಒಮ್ಮೆ ಬಂದು ನಿಲ್ಲಿ.
ಹೊರಗಿನ ಚಪ್ಪಲಿ ಎಣಿಸಿ, ಒಳಗಿನ ಮಕ್ಕಳನ್ನು ಎಣಿಸಿ.
ಎರಡೂ ಸರಿಯಾಗಿ ತಾಳೆ ಆದರೆ ನನಗೆ ತಿಳಿಸಿ...
ಯಾರೋ ಒಬ್ಬಳು ಹೊರಗೆ ಉಳಿದಿದ್ದಾಳೆ ಎಂದು ಅರ್ಥ.

ಹೋಗಿ ಬರ್ರಿ ಸಿಸ್ಟರ್.
ನೀವು ಹೋದ ಕಡೆಯೂ ಬಾಗಿಲಿಗೆ ಕೀಲಿ ಇಲ್ಲದಿರಲಿ... ನಿಮ್ಮ ಜೀವಕ್ಕೆ ತಂಪು ಸಿಗಲಿ.