ಬಂಗಡೆ ಸುಡದ ಭಾನುವಾರ

ಅಥವಾ ಅದು ಭಾನುವಾರವೇ ಆಗಿರಲಿಲ್ಲವೇನೋ. ಆ ಕಾಲದಲ್ಲಿ ನಮಗೆ ವಾರ ತಿಳಿಯುತ್ತಿದ್ದದ್ದು ಕ್ಯಾಲೆಂಡರಿನಿಂದಲ್ಲ, ಮೂಗಿನಿಂದ. ಲೈನಿನ ತುಂಬ ಒಣ ಬಂಗಡೆ ಸುಟ್ಟ ವಾಸನೆ ಇದ್ದರೆ ಕೆಲಸಕ್ಕೆ ರಜೆ, ಭಾನುವಾರ. ನನ್ನ ನೆನಪಿನ ಆ ಮಧ್ಯಾಹ್ನದಲ್ಲಿ ಮೀನಿನ ವಾಸನೆಯೇ ಇಲ್ಲ. ಆದರೂ ಅದನ್ನು ಭಾನುವಾರ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ನಾಲ್ಕನೇ ಕ್ಲಾಸು. ಹಾನುಬಾಳಿನಿಂದ ಜೀಪಿನಲ್ಲಿ ಅರ್ಧ ಗಂಟೆ ಒಳಗೆ ಹೋದರೆ ನಮ್ಮ ಎಸ್ಟೇಟು. ಕೆಲಸದವರ ಮನೆಗಳಿಗೆ ಲೈನ್ ಎನ್ನುತ್ತಿದ್ದರು. ಒಂದೇ ಹೆಂಚಿನ ಸೂರು, ಅದರಡಿ ಎಂಟು ಬಾಗಿಲು. ಒಂದು ಮನೆಯ ಒಗ್ಗರಣೆಗೆ ಎಂಟು ಮನೆಯವರೂ ಸೀನುತ್ತಿದ್ದರು. ದಾರಿಯ ಕಡೆಯ ಮೊದಲ ಮನೆ ನಮ್ಮದು. ಕೊನೆಯದು ನನ್ನ ಗೆಳತಿ ಸುಮಿಯದು. ಅವಳ ಅಪ್ಪ, ಅವ್ವ, ಅಜ್ಜಿ ಹೊನ್ನಜ್ಜಿ.

ದಿನವಿಡೀ ಕಾಫಿ ಹಣ್ಣು ಕುಯ್ಯುವ ಜನ ಕುಡಿಯುತ್ತಿದ್ದದ್ದು ಅಂಗಡಿಯ ಪುಡಿ, ಅರ್ಧಕ್ಕರ್ಧ ಚಿಕೋರಿ. ತೋಟದ ಹಣ್ಣನ್ನು ಮನೆಗೆ ತರುವಂತಿರಲಿಲ್ಲ. ತಂದದ್ದು ಗೊತ್ತಾದರೆ ಮನೆ ಖಾಲಿ ಮಾಡಬೇಕು. ಮಕ್ಕಳು ಹಣ್ಣಿನ ಸಿಪ್ಪೆಯ ಸಿಹಿ ಚೀಪಿ ಬೀಜ ಉಗಿದರೆ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ. ಹೊನ್ನಜ್ಜಿ ಮಾತ್ರ ಗಿಡದ ಬುಡದಲ್ಲಿ ಉದುರಿದ್ದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದು, ಅಟ್ಟದ ಮೇಲೆ ಒಣಗಿಸಿ, ಕುಟ್ಟಿ, ಬಾಣಲೆಯಲ್ಲಿ ಹುರಿಯುತ್ತಿದ್ದಳು. ಒಣಗಿಸುವುದನ್ನು ಬಚ್ಚಿಡಬಹುದು. ಹುರಿಯುವುದನ್ನು ಹೇಗೆ ಬಚ್ಚಿಡುವುದು?

ಅದಕ್ಕೇ ಬಂಗಡೆ. ಎಸ್ಟೇಟಿನ ಹಾಜರಿ, ಲೆಕ್ಕ ಎಲ್ಲ ನೋಡುತ್ತಿದ್ದ ರೈಟರು ವಿಭೂತಿ ಹಚ್ಚುವವರು. ಮೀನಿನ ವಾಸನೆ ಬಂದರೆ ಹೆಗಲ ಟವೆಲನ್ನು ಮೂಗಿಗೆ ಒತ್ತಿಕೊಂಡು ನಮ್ಮ ಬಾಗಿಲ ತನಕವೂ ಬರದೆ ತಿರುಗಿಬಿಡುತ್ತಿದ್ದರು. ಹೊನ್ನಜ್ಜಿ ಬಾಣಲೆ ಇಟ್ಟಳು ಎಂದು ಸುದ್ದಿ ಬಂದ ಕೂಡಲೇ ನನ್ನ ಅವ್ವ ಕೆಂಡದ ಮೇಲೆ ಒಂದು ಬಂಗಡೆ ಹಾಕುತ್ತಿದ್ದಳು. ಆಮೇಲೆ ಬೆಲ್ಲದ ಕಾಫಿಯ ಮೊದಲ ಲೋಟ ನಮ್ಮ ಮನೆಗೇ ಬರುತ್ತಿತ್ತು. ಸುದ್ದಿ ಮುಟ್ಟಿಸುವವಳು ನಾನು.

ಆ ದಿನ ನಾನೂ ಸುಮಿಯೂ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಹೊನ್ನಜ್ಜಿ ಬಾಗಿಲಿಂದ ಇಣುಕಿ, "ಏ, ನಿಮ್ಮವ್ವಂಗೆ ಹೇಳ್ಬಾರೇ, ಬಾಣ್ಲೆ ಇಟ್ಟೀನಿ ಅಂತ" ಎಂದಳು.

"ಈ ಆಟ ಮುಗೀಲಿ ಅಜ್ಜಿ."

"ಓಡೇ ಮಾರಾಯ್ತಿ! ನೀನು ಕುಂಟೋ ಅಷ್ಟೊತ್ತಿಗೆ ಬೀಜ ಕರೀಕಾಯ್ತದೆ!"

ಓಡಿದೆ. ಓಡಿದೆ ಎಂದೇ ನೆನಪು. ಅವ್ವ ಬೆನ್ನು ತಿರುಗಿಸಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಹೇಳಿದೆ. "ಹೂಂ" ಅಂದಳು. ಆದರೆ ಅವ್ವ ಅಕ್ಕಿ ಕೇರದ ಭಾನುವಾರ ಯಾವುದಿತ್ತು? ಆ "ಹೂಂ" ಬೇರೆ ಯಾವುದೋ ವಾರದ್ದಿರಬಹುದು. ಅದನ್ನು ತಂದು ಇಲ್ಲಿ ಅಂಟಿಸಿದವಳು ನಾನೇ ಇರಬಹುದು.

ಮರುದಿನ ಯಾವ ಕಡೆ ಕುಯ್ಲು ಎಂದು ಹೇಳಲು ರೈಟರು ಬಂದರು. ನಮ್ಮ ಬಾಗಿಲು ದಾಟಿದರು. ಟವೆಲು ಹೆಗಲ ಮೇಲೇ ಇತ್ತು. ಇದೊಂದರಲ್ಲಿ ನನಗೆ ಅನುಮಾನವಿಲ್ಲ. ನೇರ ಕೊನೆಯ ಮನೆಯ ಮುಂದೆ ನಿಂತರು.

"ಏನ್ ಹೊನ್ನಜ್ಜಿ, ಭಾರಿ ಘಮ ಅಂತೈತಲ್ಲ?"

"ಅಂಗ್ಡಿ ಪುಡಿ ಕಣಯ್ಯ. ಹಾನುಬಾಳಿಂದ ತಂದಿದ್ದು."

"ಅಂಗ್ಡಿ ಪುಡೀನ ಯಾರಜ್ಜಿ ಬಾಣ್ಲೇಲಿ ಹುರಿಯೋದು?"

ಯಾರೋ ಕಿಸಕ್ಕನೆ ನಕ್ಕರು. ನಾನೇ ಇರಬೇಕು. ರೈಟರು ಕೂಗಾಡಲಿಲ್ಲ. ಒಳಗೆ ಹೋಗಿ ಅಟ್ಟ ನೋಡಿ, ಬಂದ ದಾರಿಯಲ್ಲೇ ಹೋದರು.

ಎರಡು ದಿನಕ್ಕೆ ಜೀಪು ಬಂತು. ಚಾಪೆ, ಪಾತ್ರೆ, ಬುಟ್ಟಿಯೊಳಗೆ ಒಂದು ಕೋಳಿ. ಸುಮಿಯ ಅಪ್ಪ ಯಾರ ಮುಖವನ್ನೂ ನೋಡದೆ ಹಗ್ಗ ಬಿಗಿಯುತ್ತಿದ್ದ. ಹೊನ್ನಜ್ಜಿ ನಮ್ಮ ಬಾಗಿಲಿಗೆ ಬಂದಳು.

"ಹೇಳಿ ಕಳ್ಸಿದ್ನಲ್ಲೇ. ಒಂದು ಮೀನು ಸುಡಾಕೆ ಏನಾಗಿತ್ತೇ ನಿಂಗೆ?"

"ನಂಗೇನ್ ಗೊತ್ತು ಅಜ್ಜಿ? ಇವ್ಳು ಬಂದೇ ಇಲ್ಲ. ಆಟ ಸಿಕ್ಬುಟ್ರೆ ಇವ್ಳಿಗೆ ಲೋಕ ಬ್ಯಾಡ" ಎಂದಳು ಅವ್ವ.

ಎಂಟೂ ಬಾಗಿಲುಗಳಲ್ಲಿ ಜನ ನಿಂತಿದ್ದರು. ಅವರೆಲ್ಲರ ಮುಂದೆ ಅವ್ವ ನನ್ನನ್ನು ಬಿಟ್ಟುಕೊಟ್ಟಳು.

"ಹೇಳ್ದೆ ಕಣೇ ಸುಮಿ, ನಿನ್ನಾಣೆ ಹೇಳ್ದೆ!"

ಸುಮಿ ಲಂಗದ ಗಂಟಿನಿಂದ ಹೆಂಚಿನ ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು. "ತಗಾ, ನಿನ್ ಬಿಲ್ಲೆ. ಒಬ್ಳೇ ಆಡ್ಕ." ಅಷ್ಟೇ. ಅವರು ಬಾಳ್ಳುಪೇಟೆ ಕಡೆ ಹೋದರೆಂದು ಯಾರೋ ಹೇಳಿದರು. ದೋಣಿಗಲ್ ಎಂದರು ಇನ್ನೊಬ್ಬರು.

ಮುಂದಿನ ವಾರದಿಂದ ಅವ್ವ ಕುಯ್ಲಿಗೆ ಹೋಗಲಿಲ್ಲ. ರೈಟರು ಅವಳನ್ನು ಕಾಫಿ ಒಣಗಿಸುವ ಕಣಕ್ಕೆ ಹಾಕಿದರು. ಇಳಿಜಾರಿಲ್ಲ, ಹೊರೆಯಿಲ್ಲ, ಬಿಸಿಲಲ್ಲಿ ಕಾಫಿ ಹರಡಿ ಕೈಯಾಡಿಸುವ ಕೆಲಸ. ಅವಳಿಗೆ ಆಗಲೇ ಸೊಂಟನೋವು ಇತ್ತು, ಅದಕ್ಕೇ ಹಾಕಿರಬಹುದು. ಅದಕ್ಕೇ ಎಂದುಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ. ಜೀಪು ಹೋದ ಸಂಜೆ ನಮ್ಮ ಮನೆಯಲ್ಲಿ ಬಂಗಡೆ ಸುಟ್ಟಿದ್ದೂ ನೆನಪಿದೆ. ಆದರೆ ಈ ಬಂಗಡೆ ಈಚೆಗೆ ಬಂದು ಸೇರಿಕೊಂಡದ್ದೋ ಏನೋ. ಸಿಟ್ಟು ತನಗೆ ಬೇಕಾದ ಸಾಮಾನನ್ನು ತಾನೇ ತಂದುಕೊಳ್ಳುತ್ತದೆ.

ಲೈನಿನ ಹೆಂಚು ಹೋಗಿ ಈಗ ಶೀಟು ಬಂದಿದೆ. ಎಂಟು ಬಾಗಿಲಲ್ಲಿ ಐದಕ್ಕೆ ಬೀಗ. ನಾನು ಚಿಕೋರಿ ಬೆರೆಸದ ಪುಡಿಯನ್ನೇ ಕೊಳ್ಳುತ್ತೇನೆ. ಒಳ್ಳೆಯ ಕಾಫಿ, ಸುಳ್ಳು ಹೇಳಬಾರದು. ಆದರೆ ಮೀನಿನ ವಾಸನೆಯಿಲ್ಲದ ಕಾಫಿಯ ಘಮ ಬಂದರೆ ಈಗಲೂ ಕಿವಿ ಬಾಗಿಲ ಕಡೆ ಹೋಗುತ್ತದೆ, ಯಾರೋ ಬರುತ್ತಿದ್ದಾರೆ ಎಂದು.

ಹೋದ ತಿಂಗಳು ಅವ್ವನ ಕೈಗೆ ಲೋಟ ಕೊಟ್ಟು, "ಅವತ್ತು ಯಾಕವ್ವ ಮೀನು ಸುಡ್ಲಿಲ್ಲ?" ಎಂದು ಕೇಳಿಯೇಬಿಟ್ಟೆ. ಯಾವತ್ತು ಎಂದು ಅವಳು ಕೇಳಲಿಲ್ಲ. ಕಾಫಿ ಊದಿ ಆರಿಸುತ್ತಾ, "ಮನೇಲಿ ಮೀನೇ ಇರ್ಲಿಲ್ಲ ಕಣೇ" ಎಂದಳು.

"ನಾನು ಬಂದೇ ಇಲ್ಲ ಅಂದಿದ್ಯಲ್ಲ?"

"ಅಂದಿದ್ನಾ?" ಎಂದು ಲೋಟ ಕೆಳಗಿಟ್ಟಳು. "ಇದ್ಕೆ ಸಕ್ರೆ ಸಾಲ್ದು ನೋಡು."

ಸಕ್ಕರೆ ತಂದು ಹಾಕಿದೆ. ಮತ್ತೆ ಕೇಳಲಿಲ್ಲ. ಅವ್ವ ಅವತ್ತು ಸುಳ್ಳು ಹೇಳಿದಳೋ, ಈಗ ಹೇಳಿದಳೋ ನನಗೆ ತಿಳಿಯದು. ನಾನು ಆ ಆಟ ಬಿಟ್ಟು ಓಡಿದೆನೋ ಇಲ್ಲವೋ, ಅದೂ ತಿಳಿಯದು.